ಲಿಪೊವ್ಕಾ ಹಳ್ಳಿಯ ಬೆಳ್ಳಿ ಡಬ್ಬಿ

2026ರ ಫೆಬ್ರವರಿ 19, ಗುರುವಾರ, ಬೆಳಿಗ್ಗೆ 9.40. ಸೌದಿಯ ರಾಸ್ ಅಲ್ ಖೈರ್‌ನ ಠಾಣೆಗೆ ಝೆಕ್ ಇಂಜಿನಿಯರ್ ಯಾರೋಮಿರ್ ಬಂದು, ತನ್ನ ಕೋಣೆಯಿಂದ ಬೆಳ್ಳಿ ಡಬ್ಬಿಯೊಂದು ಕಳುವಾಗಿದೆ ಎಂದು ದೂರು ಕೊಟ್ಟ.

"ಒಳಗೇನಿತ್ತು?" ಇನ್‌ಸ್ಪೆಕ್ಟರ್ ಅಬ್ದುಲ್ ಅಝೀಝ್ ಕೇಳಿದರು.

"ಅಮ್ಮನ ಚಿತಾಭಸ್ಮ, ನನ್ನ ಪಾಲಿಗೆ ಬಂದ ಎರಡು ಚಿಟಿಕೆ. ಭಾನುವಾರ ಊರಿಗೆ ಒಯ್ದು ಹೂಳಬೇಕಿತ್ತು."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ದೂರು ಬಂದಿರಲಿಲ್ಲ.

10.30ಕ್ಕೆ ಕೋಣೆಯಲ್ಲಿ ಪಂಚನಾಮೆ. ಮೇಜಿನ ಮೇಲೆ ಯಾರೋಮಿರ್ ಪ್ಲೈವುಡ್‌ನಲ್ಲಿ ಕೆತ್ತಿದ ತನ್ನ ಊರು ಲಿಪೊವ್ಕಾದ ಮಾದರಿ: ಐನೂರು ವರ್ಷ ಹಿಂದೆ ತೋಡಿದ ಮೀನಿನ ಕೆರೆ, ದಂಡೆಯಲ್ಲಿ ಲಿಂಡನ್ ಮರಗಳು, ಮೂವತ್ತೊಂದು ಮನೆ, ನಡುವೆ ಅಂಗೈಯಷ್ಟು ಇಗರ್ಜಿ, ಅಂದರೆ ಚರ್ಚು. ಡಬ್ಬಿ ಇದ್ದದ್ದು ಆ ಇಗರ್ಜಿಯೊಳಗೆ. ಅದರ ಚಾವಣಿ ತೆರೆದಿತ್ತು. ಕೋಣೆಯ ಬೀಗ ಮುರಿದಿರಲಿಲ್ಲ. ಇನ್ನೊಂದು ಕೀಲಿ ಇದ್ದದ್ದು ಕೋಣೆ ಗುಡಿಸುವ, ಉಡುಪಿ ಕಡೆಯ ಶಿರ್ವದ ಲಾಜರಸ್ ಬಳಿ ಮಾತ್ರ. ಬೆಳ್ಳಿಯ ಆಸೆ ಇರಬೇಕು ಎಂದುಕೊಂಡರು ಇನ್‌ಸ್ಪೆಕ್ಟರ್.

11.15. ಐವತ್ತೆಂಟರ ಲಾಜರಸ್ ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಠಾಣೆಯಲ್ಲಿ ನಿಂತಿದ್ದ. ಇನ್‌ಸ್ಪೆಕ್ಟರರ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಲು ಬಂಟ್ವಾಳದ ಅಜ್ಮಲ್ ಬಂದಿದ್ದ.

"ನಿನ್ನೆ ಆ ಕೋಣೆಗೆ ಹೋಗಿದ್ರಾ, ಪೊರ್ಬುಗಳೇ?" ಊರಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವಂತೆಯೇ ಕರೆದು ಅಜ್ಮಲ್ ಕೇಳಿದ.

"ಗುಡಿಸ್ಲಿಕ್ಕೆ ದಿನಾ ಹೋಗ್ತೇನಲ್ಲ."

"ಡಬ್ಬಿ ಎಲ್ಲುಂಟು?"

ಲಾಜರಸ್ ಟೊಪ್ಪಿಯನ್ನು ಇನ್ನಷ್ಟು ಕೆಳಗೆಳೆದ.

"ಟೊಪ್ಪಿ ತೆಗೀರಿ."

ಹಣೆಯ ಮೇಲೆ ಬೂದಿಯ ಶಿಲುಬೆ. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಅಜ್ಮಲನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಿನ್ನೆ ಬೂದಿ ಬುಧವಾರ, ಹಿಂದಿನ ವರ್ಷ ಆಶೀರ್ವದಿಸಿದ ತಾಳೆಗರಿ ಸುಟ್ಟ ಬೂದಿಯನ್ನು ಕ್ರೈಸ್ತರು ಹಣೆಗೆ ಹಚ್ಚಿಸಿಕೊಳ್ಳುವ ದಿನ.

ಲಾಜರಸ್ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಖಾಲಿ.

"ಆ ಪುಟ್ಟ ಇಗರ್ಜಿಯೊಳಗೆ ಇತ್ತಲ್ಲ, ಗರಿಯ ಬೂದಿ ಅಂತ ಎಣಿಸಿದೆ. ಇಲ್ಲಿ ನಮ್ಗೆ ಇಗರ್ಜಿ ಇಲ್ಲ, ನಾವು ಹನ್ನೊಂದು ಜನ ರೂಮಲ್ಲಿ ಸೇರಿ ನನ್ನ ಹೆಂಡತಿ ಮೇಬಲ್‌ಗೋಸ್ಕರ ಪ್ರಾರ್ಥನೆ ಮಾಡಿದ್ವಿ. ಎಲ್ಲರಿಗೂ ನಾನೇ ಹಚ್ಚಿದೆ. ಮುಗಿದೇ ಹೋಯ್ತು, ಹೆದರಿ ತಿರುಗಿ ಇಡ್ಲಿಲ್ಲ."

"ಅದು ಆ ಇಂಜಿನಿಯರ್ ಅವರ ಅಮ್ಮ, ಪೊರ್ಬುಗಳೇ. ಅವರ ಊರಲ್ಲಿ ಸುಡ್ತಾರೆ."

"ಎಂತ? ಕ್ರಿಸ್ತಾಂವರನ್ನು ಸುಡುದಾ? ನಮ್ಮಲ್ಲಿ ಮಣ್ಣು ಮಾಡುದಲ್ವಾ ಮಾರಾಯ!" ಲಾಜರಸ್ ಹಣೆಯವರೆಗೆ ಕೈ ಒಯ್ದು, ಮುಟ್ಟದೆ ಇಳಿಸಿದ. "ದೇವರೇ, ಹನ್ನೊಂದು ಹಣೆಗೆ..."

ಅಜ್ಮಲ್ ಇದನ್ನು ಇನ್‌ಸ್ಪೆಕ್ಟರರಿಗೆ ಅರಬ್ಬಿಯಲ್ಲಿ ಹೇಳಿದ. ಠಾಣೆಯಲ್ಲೇ ಕುಳಿತಿದ್ದ ಯಾರೋಮಿರ್‌ಗೆ ಇಂಗ್ಲಿಷಿನಲ್ಲಿ ಹೇಳಿದ.

12.05ಕ್ಕೆ ಬಂಧನ. ಕಡತದ ಕೊನೆಗೆ ಇನ್‌ಸ್ಪೆಕ್ಟರ್ ಬರೆಸಿದರು: ಆರೋಪಿಯ ಹೆಂಡತಿ ಮೇಬಲ್ ಜನವರಿಯಲ್ಲಿ ತೀರಿಕೊಂಡಳು. ಬದಲಿ ಆಳಿಲ್ಲವೆಂದು ರಜೆ ಸಿಗಲಿಲ್ಲ. ಗುಂಡಿಗೆ ಒಂದು ಹಿಡಿ ಮಣ್ಣು ಹಾಕಬೇಕಾದವನು ಎಲ್ಲವನ್ನೂ ಮೊಬೈಲಿನಲ್ಲಿ ನೋಡಿದ.

ಆರೋಪಿಯ ಫೋಟೊ ತೆಗೆಯುವ ಮೊದಲು ಹಣೆ ಒರೆಸಲು ಕಾನ್‌ಸ್ಟೇಬಲ್ ಒದ್ದೆ ಬಟ್ಟೆ ತಂದ.

"ಉಳಿದ ಹತ್ತು ಜನ?" ಯಾರೋಮಿರ್ ಅಜ್ಮಲನ ಮೂಲಕ ಕೇಳಿದ.

"ರಾತ್ರಿಯೇ ಮುಖ ತೊಳೆದ್ರು," ಎಂದ ಲಾಜರಸ್. "ಮೇಬಲ್ ಯಾವತ್ತೂ ತೊಳೀತಿರ್ಲಿಲ್ಲ, ಅದಾಗಿಯೇ ಹೋಗ್ಲಿ ಅಂತಿದ್ಲು. ಹಾಗೆ ನಾನೂ ತೊಳೀಲಿಲ್ಲ."

ಯಾರೋಮಿರ್ ಕಾನ್‌ಸ್ಟೇಬಲನ ಕೈ ತಡೆದ. ಜೇಬಿನಿಂದ ತನ್ನ ಬಿಳಿ ಕರವಸ್ತ್ರ ತೆಗೆದು ಲಾಜರಸನ ಹಣೆಯನ್ನು ತಾನೇ ಮೆಲ್ಲನೆ ಒರೆಸಿದ. ಕರವಸ್ತ್ರವನ್ನು ಎರಡು ಸಲ ಮಡಚಿ ಡಬ್ಬಿಯೊಳಗಿಟ್ಟು ಮುಚ್ಚಿದ.