ಬಾಗಿಲಿಲ್ಲದ ಕೋಣೆ

"ಕೋಣೆ ಬಾಗಿಲು ಮುಚ್ಚಿದ್ದು ನಾನೇ. ಆದ್ರೆ ಚಿಲಕ ಹಾಕಿರಲಿಲ್ಲ, ನನ್ನಾಣೆ!" ಅತ್ತೆ ಗೋಡೆಗೊರಗಿ ಕೂಗುತ್ತಿದ್ದರು. "ಎಳೆದ್ರೆ ಸಾಕಿತ್ತು, ತೆರ್ಕೊಳ್ತಿತ್ತು. ಕೈ ಬಿದ್ದುಹೋಗಿತ್ತಾ ಅವರಿಗೆ?"

ಮಾವ ಮನೆಗೆ ಬಂದಮೇಲೆ ಅಂದೇ ಮೊದಲ ಸಲ ಹೊಲಿಗೆ ಅಂಗಡಿಗೆ ಹೋಗಿಬಂದಿದ್ದ ಸೊಸೆ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ, ನೆಲದಲ್ಲಿ ಕುಸಿದಿದ್ದ ಮುದುಕರ ತಲೆಯನ್ನು ತೊಡೆಗೇರಿಸಿಕೊಂಡಳು. ಶ್ವಾಸಕೋಶ ಪೂರ್ತಿ ಹೋಗಿದೆ, ಹೆಚ್ಚು ದಿನವಿಲ್ಲ ಎಂದೇ ಜೈಲಿನವರು ಬಿಟ್ಟುಕಳಿಸಿದ್ದ ಜೀವ! ಉಟ್ಟ ಬಟ್ಟೆ ಒದ್ದೆಯಾಗಿತ್ತು.

"ಬಚ್ಚಲಿಗೆ ಹೋಗ್ಬೇಕಿತ್ತಾ ಮಾವ? ಒಂದು ಕೂಗು ಹಾಕಬಾರದಿತ್ತಾ?"

"ಬಾಗಿಲು ಮುಚ್ಚಿತ್ತಲ್ಲಮ್ಮ..." ಅವರು ಏದುಸಿರು ಬಿಟ್ಟರು. "ಕಾಯ್ತಾ ನಿಂತಿದ್ದೆ. ಯಾರಾದ್ರೂ ತೆಗೀತಾರಲ್ಲ ಅಂತ."

ಸೊಸೆಗೆ ಆಗ ಹೊಳೆಯಿತು. ಜೈಲಿನಲ್ಲಿ ಬಾಗಿಲು ತೆಗೆಯುವುದು ಕೈದಿಯ ಕೆಲಸವಲ್ಲ. ಯಾರೋ ತೆಗೆಯಬೇಕು, ಯಾರೋ 'ನಡಿ' ಎನ್ನಬೇಕು. ಊಟಕ್ಕೆ ತಾನಾಗಿ ಎದ್ದುಬಾರದ ಮಾವನನ್ನು ನೋಡಿ "ಕರೆದ್ರೇ ಬರೋ ದೊಡ್ಡಸ್ತಿಕೆ!" ಎಂದು ಅತ್ತೆ ಹಲ್ಲು ಕಡಿದಾಗ, ಇರಬಹುದೇನೋ ಎಂದು ತಾನೂ ಸುಮ್ಮನಿದ್ದಳಲ್ಲ... ಬಚ್ಚಲಿಗೆ ದಿನವೂ ತಾನೇ ಕೈಹಿಡಿದು ನಡೆಸುತ್ತಿದ್ದವಳಿಗೆ ಇಷ್ಟು ತಿಳಿಯಬಾರದೇ!

"ಅತ್ತೆ, ಬಾಗಿಲು ತೆಗೆಯೋದೇ ಮರೆತುಹೋಗಿದೆ ಅವರಿಗೆ. ನಾನಿಲ್ಲದಾಗ ನೀವೇ ಸ್ವಲ್ಪ..."

"ನಾನಾ? ಅಲ್ಲಿ ಕಾವಲಿಗಿದ್ದೋರಿಗೆ ಸಂಬಳನಾದ್ರೂ ಇತ್ತು ಕಣೇ!" ಅತ್ತೆಯ ದನಿ ಒಡೆಯಿತು. "ನನ್ನ ತಮ್ಮ ಅಕ್ಕನ ಮನೇಲಿ ಒಂದು ಹೊತ್ತು ಉಣ್ಣೋಣ ಅಂತ ಬಂದಿದ್ದ. ಕುಡಿದ ಅಮಲಲ್ಲಿ ಇವರು ಮೆಟ್ಟಿಲಿಂದ ತಳ್ಳಿ ಕೊಂದ್ರಲ್ಲ... ಅವನಿಗೆ ಬಾಗಿಲು ತೆಗೆಯೋರು ಯಾರು, ಹೇಳು! ನಿನ್ನ ಗಂಡನೇ ಬೇಡ ಅಂದ್ರೂ ಕರ್ಕೊಂಡು ಬಂದೋಳು ನೀನು. ನಾಳೆಯಿಂದ ಈ ಮನೇಲಿ ಅವರಿರಬೇಕು, ಇಲ್ಲ ನಾನಿರಬೇಕು!"

ಸೊಸೆ ಮಾವನ ಹಣೆಯ ಬೆವರೊರೆಸಿದಳು. ಅತ್ತೆಯ ಮಾತಿನಲ್ಲಿ ಸುಳ್ಳೆಲ್ಲಿತ್ತು?

"ಅವಳು ಹೇಳೋದು ಸರಿ ಕಣಮ್ಮ," ಎಂದರು ಮಾವ. "ನನ್ನ ಅಲ್ಲಿಗೇ ಕಳಿಸಿಬಿಡು. ಅಲ್ಲಾದ್ರೆ ಹೊತ್ತಿಗೆ ಸರಿಯಾಗಿ ತೆಗೀತಾರೆ."

ಸಂಜೆ ಬಡಗಿ ಕೆಲಸ ಮುಗಿಸಿ ಮಗ ಮನೆಗೆ ಬಂದ. ಹೆಂಡತಿ ಹೇಳಿದ್ದನ್ನೆಲ್ಲ ಕೇಳಿದ. ಅಪ್ಪನ ಮುಖ ನೋಡದೆಯೇ ಕೀಲಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನು ಹೆಗಲಿಗೇರಿಸಿದ.

"ಊರವರ ಮನೆಗೆಲ್ಲ ಬಾಗಿಲು ಕೂರಿಸೋನು, ನನ್ನ ಮನೇದು ಕೀಳ್ತಿದ್ದೀನಿ. ಇನ್ನು ಯಾರೂ ತೆಗೆಯೋದು ಬೇಡ, ಯಾರೂ ಮುಚ್ಚೋದೂ ಬೇಡ. ಸಮಾಧಾನನಾ ಅಮ್ಮ?"

ಅತ್ತೆ ಎದ್ದುಹೋಗಿ ತಮ್ಮ ಬಟ್ಟೆಗಳನ್ನು ಗಂಟು ಕಟ್ಟಿದರು.

ಬೆಳಿಗ್ಗೆ ತಟ್ಟೆಗಳನ್ನು ಹಾಕುವ ಸದ್ದಿಗೆ ಮಾವ ಗೋಡೆ ಹಿಡಿದು ಬಂದರು. ಬಂದವರು ಕೋಣೆಯ ಹೊಸಿಲ ಬಳಿ ನಿಂತುಬಿಟ್ಟರು! ಬಾಗಿಲಿಲ್ಲ, ಬರಿಯ ಚೌಕಟ್ಟು. ಆದರೂ ಕೈಕಟ್ಟಿ, ತಲೆ ತಗ್ಗಿಸಿ ನಿಂತರು. ಏಳಹೋದ ಸೊಸೆಯ ಸೆರಗನ್ನು ಅತ್ತೆ ಹಿಡಿದೆಳೆದರು.

"ಕೂತ್ಕೋ ನೀನು."

ಕೆಮ್ಮು ಒತ್ತರಿಸಿಕೊಂಡು ಬಂತು. ಮುದುಕರು ಬಾಯಿಗೆ ಅಂಗೈ ಅಡ್ಡಹಿಡಿದರೇ ಹೊರತು ಹೆಜ್ಜೆ ಕದಲಿಸಲಿಲ್ಲ. ಅತ್ತೆ ನೋಡುತ್ತಲೇ ಇದ್ದರು. ತನ್ನ ಒಂದು ಮಾತಿಗಾಗಿ ಈ ಮನುಷ್ಯ ಸಾಯುವವರೆಗೂ ಹೀಗೇ ನಿಲ್ಲುತ್ತಾನೆ... ಇಷ್ಟು ವರ್ಷ ಹಲ್ಲು ಕಚ್ಚಿ ಬೇಡಿಕೊಂಡಿದ್ದ ಸೇಡು ಇದೇ ಅಲ್ಲವೇ? ಕೈಗೆ ಬಂದಾಗ ಅದು ಇಷ್ಟು ಕಹಿಯೇ?

"ಬನ್ನಿ," ಎಂದರು ಅತ್ತೆ, ತಲೆಯೆತ್ತದೆ. "ಕ್ಷಮಿಸಿದ್ದೀನಿ ಅಂದ್ಕೋಬೇಡಿ. ನನ್ನ ಸಿಟ್ಟು ನನ್ನ ಜೊತೆಗೇ ಮಣ್ಣಾಗೋದು."

ಮಾವ ಹೊಸಿಲು ದಾಟಿದರು. ಎರಡು ತುತ್ತು ಉಂಡು, ಮರಳಿ ಅದೇ ಚೌಕಟ್ಟಿನೆದುರು ಹೋಗಿ ನಿಂತರು.

"ಹೋಗಿ," ಎಂದರು ಅತ್ತೆ.

ಅತ್ತೆ ಗಂಟನ್ನು ಬಿಚ್ಚಲೂ ಇಲ್ಲ, ಹೊರಡಲೂ ಇಲ್ಲ. ಅದನ್ನೇ ಬೆನ್ನಿಗೆ ಆನಿಸಿಕೊಂಡು, ಬಾಗಿಲಿಲ್ಲದ ಆ ಕೋಣೆಗೆ ಎದುರಾಗಿ, ಸಂಬಳವಿಲ್ಲದ ಕಾವಲಿಗೆ ಕುಳಿತರು.