ಜಸಿಂತಾಳ ಎರಡು ದೊಡ್ಡ ಗಂಟೆಗಳು

"ಇದೇನು ಐಸ್‌ಕ್ಯಾಂಡಿ ಗಾಡಿ ಗಂಟೇನಾ?"

ಜಸಿಂತಾ ಸಿಡುಕಿದ ರೀತಿಗೆ ಮರ್ಫಿ ಟೌನಿನ ಚರ್ಚ್ ಹಾಲ್‌ನಲ್ಲಿದ್ದ ಹತ್ತೂ ಜನರ ಕೈ ನಿಂತುಹೋಯಿತು.

ಪಕ್ಕದಲ್ಲಿದ್ದ ಸುಗತ ಮಾತ್ರ ನಕ್ಕ. "ಸಾರಿ ರೀ. ಮೊದಲ್ನೇ ದಿನ ಅಲ್ವಾ!"

ನಗು ಬೇರೆ ಕೇಡು! ಅವಳ ಮೈ ಉರಿಯಿತು.

ಅದು ಕೈಗಂಟೆ ಬಾರಿಸುವ ತಂಡ. ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಗಂಟೆ, ಒಂದು ಗಂಟೆಗೆ ಒಂದೇ ಸ್ವರ. ಒಬ್ಬರು ತಪ್ಪಿದರೂ ಇಡೀ ಭಕ್ತಿಗೀತೆ ಹಲ್ಲುದುರಿದ ಬಾಯಂತೆ ಕೇಳುತ್ತಿತ್ತು. ಇಂದಿರಾನಗರದಲ್ಲಿ ಪಿಯಾನೊ ಕಲಿಸುವ ಜಸಿಂತಾಗೆ ಈ ತಂಡದ ಮೇಲೆ ಮೊದಲಿನಿಂದಲೂ ಅಸಡ್ಡೆ. ಸೇವೆ ಅಂದ ಮೇಲೆ ಯಾರು ಬೇಕಾದರೂ ನುಗ್ಗಬಹುದಲ್ಲ! ತಂಡ ನಡೆಸುವ ಸಾರಮ್ಮ ಆಂಟಿ ತಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ರಿಪೇರಿಗೆ ಬಂದ ಸುಗತನನ್ನೇ ತೋಳು ಗಟ್ಟಿಯಾಗಿದೆ ಎಂದು ಕರೆತಂದಿದ್ದರು. ಕಗ್ಗದಾಸಪುರದ ಬೌದ್ಧರ ಮನೆಯವನು. ಸಂಗೀತದ ನೋಟ್ಸ್ ಓದಲು ಬಾರದೆ, ಹಾಳೆಯಲ್ಲಿ ತನ್ನ ಸರದಿ ಬರುವಲ್ಲೆಲ್ಲ ಕೆಂಪು ಪೆನ್ನಿನಿಂದ ಗೀಚಿಕೊಂಡಿದ್ದ. ಒಂದನೇ ಕ್ಲಾಸಿನ ಮಗು ಥರ!

ವಾರಗಳು ಕಳೆದರೂ ಸುಗತ ಸರದಿ ತಪ್ಪುವುದು ನಿಲ್ಲಲಿಲ್ಲ. ಕ್ರಿಸ್‌ಮಸ್‌ಗೆ ಇನ್ನು ಮೂರು ವಾರವಿತ್ತು. ಸಾರಮ್ಮ ಆಂಟಿ ಜಸಿಂತಾಳ ಎರಡು ದೊಡ್ಡ ಗಂಟೆಗಳನ್ನು ಎತ್ತಿ ಸುಗತನ ಮುಂದಿಟ್ಟರು.

"ನೀನು ಚಿಕ್ಕದು ಬಾರ್ಸಮ್ಮಾ. ನಿಂಗೆ ಮಣಿಕಟ್ಟು ನೋಯ್ತಿದೆ ಅಂತ ಸುಗತ ಹೇಳ್ದ."

ಅವಳು ಕೈ ಹಿಂದಕ್ಕೆಳೆದುಕೊಂಡಳು. ಆರು ತಿಂಗಳಿಂದ ಅಮ್ಮನಿಗೂ ಹೇಳದೆ ಮುಚ್ಚಿಟ್ಟ ನೋವು! ಪಿಯಾನೊ ಟೀಚರಿಗೆ ಕೈಯೇ ಹೋದರೆ ಉಳಿಯುವುದೇನು? ಅದನ್ನು ಇವನು ಬೀದಿಗೆ ತಂದ... ನನ್ನ ಜಾಗ ಕಿತ್ತುಕೊಳ್ಳೋಕೆ!

"ನಿಮಗೆ ಲಿಫ್ಟೇ ಸರಿ ಕಣ್ರೀ. ಬಟನ್ ಒತ್ತಿದ್ರೆ ಸಾಕು, ಬುದ್ಧಿ ಬೇಕಾಗಲ್ಲ!"

ಸುಗತ ಈ ಸಲ ನಗಲಿಲ್ಲ. ಗಂಟೆ ಹಿಡಿಯಲು ಹಾಕಿದ್ದ ಬಿಳಿ ಗ್ಲೌಸ್ ಬಿಚ್ಚಿ, ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಪೀಡೆ ತೊಲಗಿತು ಎಂದುಕೊಂಡು ಅವಳು ದೊಡ್ಡ ಗಂಟೆ ಎತ್ತಿದಳು. ನಾಲ್ಕನೇ ಸಾಲಿಗೆ ನೋವು ಮೊಣಕೈವರೆಗೆ ಏರಿತು. ಗಂಟೆ ಕೈಜಾರಿ ಮೇಜಿಗೆ ಬಿತ್ತು.

"ಆ ಗಂಟೆ ಬೇಡ ಅಂದಿದ್ದ ಅವನು," ಸಾರಮ್ಮ ಆಂಟಿ ಮೆಲ್ಲಗೆ ಹೇಳಿದರು. "ನಾನೇ ಬಲವಂತವಾಗಿ ಕೊಟ್ಟಿದ್ದು. 'ಅವ್ರಿಗೆ ಹಗುರದ್ದು ಕೊಡಿ ಆಂಟಿ, ಇಲ್ಲಾಂದ್ರೆ ಯಾರಿಗೂ ಹೇಳ್ದೆ ಬಿಟ್ಟು ಹೋಗ್ಬಿಡ್ತಾರೆ' ಅಂದ, ಅಷ್ಟೇ."

ಬಿಟ್ಟು ಹೋಗುವ ಯೋಚನೆ ಅವಳಿಗೆ ನಿಜಕ್ಕೂ ಬಂದಿತ್ತು. ಅದು ಅವನಿಗೆ ಹೇಗೆ ತಿಳಿಯಿತು?

ಮರುದಿನ ಮಧ್ಯಾಹ್ನ ಅವಳು ಸಾರಮ್ಮ ಆಂಟಿಯಿಂದ ಅವನ ಕೆಲಸದ ಜಾಗ ಕೇಳಿಕೊಂಡು ಶಿವಾಜಿನಗರದ ಹಳೆಯ ಕಟ್ಟಡವೊಂದರ ಮೂರು ಮಹಡಿ ಹತ್ತಿದಳು. ಸುಗತ ತೆರೆದ ಲಿಫ್ಟಿನ ಮುಂದೆ ಮಂಡಿಯೂರಿ ತಂತಿ ಬಿಗಿಯುತ್ತಿದ್ದ.

"ಅವತ್ತು ನಾನು ಹಾಗೆ ಅನ್ಬಾರದಿತ್ತು," ಅಂದಳು, ಗಂಟುಮುಖದಲ್ಲೇ. "ಕ್ಷಮಿಸಿ. ಆದ್ರೆ ಕೈ ನಂದು, ನೋವೂ ನಂದು. ನನ್ನನ್ನ ಕೇಳ್ಬೇಕಿತ್ತು ನೀವು!"

"ಕೇಳ್ಬೇಕಿತ್ತು," ಅವನು ಎದ್ದು ನಿಂತ. "ಭಯ ಆಯ್ತು ರೀ. ನೋವು ಬಂದಾಗ ನೀವು ತುಟಿ ಕಚ್ಕೊಂಡು ನಿಲ್ತೀರಾ. ಅದನ್ನೇ ನೋಡ್ತಾ ನಾನು ಸರದಿ ತಪ್ಪಿಸ್ತಿದ್ದೆ. ಪ್ರತಿ ಸಲ."

"ಪ್ರತಿ ಸಲ...?"

"ನೀವು ಬೈದ್ರೂ ಸರಿ, ಪಕ್ಕದಲ್ಲಿದ್ರೆ ಸಾಕು ಅನ್ಸೋದು."

ಇಂಥ ಪೆದ್ದನನ್ನು ದೇವರು ಎಲ್ಲಿಂದ ಹುಡುಕಿ ಕಳಿಸಿದನೋ! ಅವಳ ಕಣ್ಣು ತುಂಬಿತು. ಬಲಗೈ ಮುಂದೆ ಚಾಚಿದಳು.

"ಬೇಡ... ನನ್ನ ಕೈಯೆಲ್ಲ ಗ್ರೀಸು."

"ಕಾಣ್ತಿದೆ. ಹಿಡ್ಕೊ." 'ನೀವು' ಹೋಗಿ 'ನೀನು' ಬಂದದ್ದು ಅವಳಿಗೇ ತಡವಾಗಿ ಹೊಳೆಯಿತು.

ಅವನು ಎರಡೂ ಅಂಗೈಗಳ ನಡುವೆ ಆ ಮಣಿಕಟ್ಟನ್ನು ಇಟ್ಟುಕೊಂಡ.

"ನಿಧಾನ... ತುಂಬಾ ನೋಯ್ತಿದೆ, ಸುಗತ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನಾಳೆ ಡಾಕ್ಟರ ಹತ್ರ ಹೋಗೋಣ. ನಾನೂ ಬರ್ಲಾ?"

"ಕೇಳ್ತಿದೀಯಾ?"

"ಕೇಳ್ತಿದೀನಿ."

"ಬಾ," ಅಂದಳು ಜಸಿಂತಾ.