ಮಾವ ನಕ್ಕ ಫೋಟೋ

"ನಿನ್ನ ಫೋನ್ ಕೊಡು, ಗಗನ."

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ನಾವು ಯಾವಾಗಲೂ ಕೂರುವ ಕಲ್ಲು ಬೆಂಚಿನಲ್ಲಿ, ಅಮರ್ ಕೈ ಚಾಚಿದ. ನನಗೆ ನಗು ಬಂತು. ಮುಂದಿನ ತಿಂಗಳು ನಿಶ್ಚಿತಾರ್ಥ, ಈಗ ಸಾಹೇಬರಿಗೆ ಅನುಮಾನ!

"ಯಾಕಪ್ಪಾ, ಹಳೇ ಬಾಯ್‌ಫ್ರೆಂಡ್ ಮೆಸೇಜ್ ಓದ್ಬೇಕಾ?" ಎಂದು ಭುಜಕ್ಕೆ ಭುಜ ತಾಗಿಸಿದೆ. ಅವನು ಸರಿದು ಕುಳಿತ. ಅವನ ಕಣ್ಣಿನ ತುಂಟತನಕ್ಕೇ ನಾನು ಮನಸೋತಿದ್ದು. ಇವತ್ತು ಹುಡುಕಿದರೂ ಅದು ಕಾಣಲಿಲ್ಲ.

ತನ್ನ ಫೋನ್ ನನ್ನ ಮುಂದೆ ಹಿಡಿದ. ನಾನು ಕೆಲಸ ಮಾಡುವ ನ್ಯೂಸ್ ವೆಬ್‌ಸೈಟ್. ಬೀದಿದೀಪದ ಟೆಂಡರ್‌ನಲ್ಲಿ ಲಂಚದ ಆರೋಪ. ಅಮರ್‌ನ ಅಪ್ಪ, ಮಾಜಿ ಕಾರ್ಪೊರೇಟರ್ ಶಿವರಾಮು, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಾರೆ. ಮೇಲೆ ದಪ್ಪ ಅಕ್ಷರದಲ್ಲಿ, 'ಊರೆಲ್ಲ ಕತ್ತಲು, ಇವರಿಗೆ ನಗು!'

"ಮೂಲೇಲಿರೋ ತೋಳು ನಂದು. ಈ ಫೋಟೋ ನಿನ್ನ ಫೋನ್ ಬಿಟ್ಟು ಇನ್ನೆಲ್ಲೂ ಇಲ್ಲ."

ಹೌದು, ಇಲ್ಲ. ಅಶೋಕಪುರಂನ ಅವರ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ ನಾನೇ ತೆಗೆದದ್ದು. "ನಿಮ್ಮ ಮಗ ಬೈಕ್ ಓಡ್ಸೋದು ನೋಡಿದ್ರೆ ನಡ್ಕೊಂಡು ಬರೋದೇ ವಾಸಿ ಮಾವ" ಎಂದಿದ್ದೆ. ಅವರು ನಕ್ಕಿದ್ದು ಅದಕ್ಕೆ. ಮೊನ್ನೆ ಆಫೀಸಿನಲ್ಲಿ ಎಡಿಟರ್ ಹರೀಶ್ ಸರ್ "ಈಯಪ್ಪ ನಗ್ತಿರೋ ಫೋಟೋ ಯಾರ ಹತ್ರ ಇದೆ?" ಎಂದರು. ಕೊಟ್ಟುಬಿಟ್ಟೆ. ನಾಳೆ ಮಾವ ಆಗುವವರಾದರೂ ಮುಲಾಜು ನೋಡುವವಳಲ್ಲ ಎಂದು ಎಲ್ಲರಿಗೂ ತೋರಿಸಬೇಕಿತ್ತು. ಶಹಬ್ಬಾಸ್ ಅನ್ನಿಸಿಕೊಂಡೆ. ಹಾಳು ಹೆಮ್ಮೆ!

"ಅಪ್ಪ ತಿಂದಿದ್ರೆ ಜೈಲಿಗೆ ಹೋಗ್ಲಿ ಕಣೇ. ಆದ್ರೆ ಅದೇ ಕೇಸಲ್ಲಿರೋ ಕೃಷ್ಣಪ್ಪನೋರಿಗೆ ಬೆಟ್ಟದ ದೇವಸ್ಥಾನದಲ್ಲಿ ಕೈ ಮುಗಿಯೋ ಫೋಟೋ. 'ತಾಯಿ ಮುಂದೆ ಕಣ್ಣೀರು' ಅಂತ ಬೇರೆ. ಅವ್ರು ನಿಮ್ಮೋರು, ಅದಕ್ಕಾ?"

"ಜಾತಿ ನೋಡಿ ಹಾಕಿಲ್ಲ ಅಮರ್!"

"ನೋಡ್ದೇನೇ ಹಂಗಾಯ್ತಲ್ಲ."

"ಮಾವ ನೋಡಿದ್ರಾ?" ಎಂದೆ.

"ನೋಡಿದ್ರು. ಯಾರು ತೆಗೆದಿದ್ದು ಅಂತ ಅವ್ರಿಗೆ ನೆನಪಿಲ್ಲ, ನಾನೂ ಹೇಳಿಲ್ಲ. 'ಗಗನಂಗೆ ಹೇಳು, ಅವಳು ತೆಗೆಸ್ತಾಳೆ' ಅಂದ್ರು." ಎದ್ದು ನಿಂತ. "ನಿಂಗೆ ಹೇಳಿದೀನಿ, ಅಷ್ಟೆ. ನಿಶ್ಚಿತಾರ್ಥ ಬೇಡ, ಬುಡು."

ಕೈ ಹಿಡಿದುಕೊಂಡೆ. ಮೆಲ್ಲಗೆ ಬಿಡಿಸಿಕೊಂಡು ಹೊರಟುಹೋದ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನೇರ ಆಫೀಸಿಗೆ ಹೋಗಿ ಯಾರನ್ನೂ ಕೇಳದೆ ಫೋಟೋ ಬದಲಾಯಿಸಿದೆ. ಹತ್ತೇ ನಿಮಿಷಕ್ಕೆ ಹರೀಶ್ ಸರ್ ಹಳೆಯದನ್ನೇ ವಾಪಸ್ ಹಾಕಿದರು. "ಚೆನ್ನಾಗಿ ಓಡ್ತಿದೆ ಕಣಮ್ಮ, ಮುಟ್ಬೇಡ."

ಅಷ್ಟರಲ್ಲಿ ಫೋನ್ ಬಂತು. ಶಿವರಾಮು ಮಾವ.

"ಈಗ ತಾನೇ ನೋಡ್ದೆ ಕಣವ್ವ, ತೆಗೆಸ್ಬುಟ್ಟಿದೀಯ! ನೀನಿದೀಯಲ್ಲ, ನಮ್ಗೆ ಅಷ್ಟು ಸಾಕು. ಭಾನುವಾರ ಊಟಕ್ಕೆ ಬಾ."

ಎದುರಿನ ಸ್ಕ್ರೀನಿನಲ್ಲಿ, ಅದೇ ಹಳೇ ಫೋಟೋದಲ್ಲಿ, ಅವರು ಬಾಯ್ತುಂಬ ನಗುತ್ತಿದ್ದರು.

"ಬರ್ತೀನಿ ಮಾವ" ಎಂದೆ.